ಬಿಸಿಲೂರಿನ ಮೇಲ್ಮಜಲಿನ ಕೋಣೆ: ಎರಡು ತಿಂಗಳ ಮಟ್ಟಿಗೆ ತಂಪು ಕಟ್ಟಿಕೊಳ್ಳುವ ಬಗೆ

ಕಲಬುರಗಿಯಲ್ಲಿ ಮೇಲಿನ ಮಜಲಿನ ಒಂಟಿ ಕೋಣೆಗೆ ಬಾಡಿಗೆ ಯಾಕೆ ಕಡಿಮೆ ಅನ್ನೋದು ಏಪ್ರಿಲ್‌ನಲ್ಲಿ ತಿಳಿಯುತ್ತದೆ. ಹೊರಗೆ 42, 43 ಡಿಗ್ರಿ. ಹೊತ್ತು ಮುಳುಗಿದ ಮೇಲಾದರೂ ಜಳ ಇಳಿದೀತು ಅಂದುಕೊಂಡರೆ ಅದೂ ಇಲ್ಲ. ರಾತ್ರಿ ಎಂಟಕ್ಕೆ ಫ್ಯಾನ್ ಬಂದ್ ಮಾಡಿ, ಸ್ಟೂಲು ಹತ್ತಿ ಛತ್ತಿಗೆ ಅಂಗೈ ಒತ್ತಿ ನೋಡಿ. ಗೋಡೆಗಿಂತ ಛತ್ತೇ ಬಿಸಿ ಇರುತ್ತದೆ. ನಾಲ್ಕೈದು ಇಂಚಿನ ಕಾಂಕ್ರೀಟ್ ಹಾಸು ಮಧ್ಯಾಹ್ನ ಕುಡಿದ ಬಿಸಿಲನ್ನು ಕೆಳಗಿಳಿಸಲು ಮೂರ್ನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುತ್ತವೆ. ನೌಕರ ಮನೆಗೆ ಬಂದು ಅಡ್ಡಾಗುವುದು ಸರಿಯಾಗಿ ಕೋಣೆ ಕಾದು ಕುದಿಯುವ ಹೊತ್ತಿಗೆ.

ಆಗ ಎಲ್ಲರೂ ಓಡುವುದು ಕೂಲರ್ ಅಂಗಡಿಗೆ. ಛತ್ತು ಮೇಲಿಂದ ಕಾಯುತ್ತಿರುವಾಗ ಕೆಳಗೆ ಕೂಲರ್ ಇಟ್ಟರೆ ನೀರು ಖರ್ಚು, ಕರೆಂಟು ಖರ್ಚು, ಸುಖ ಅರ್ಧ. ಮೊದಲು ಬಿಸಿಲು ತಡೆಯಬೇಕು, ಆಮೇಲೆ ರಾತ್ರಿಯ ಗಾಳಿ ಒಳಗೆ ತರಬೇಕು, ನೀರಿನ ಪಾಳಿ ಕೊನೆಗೆ. ಕೆಳಗಿನ ಕೆಲಸಗಳನ್ನು ಇದೇ ಸಾಲಿನಲ್ಲಿ ಮಾಡಿ. ಯಾವುದಕ್ಕೂ ಗೋಡೆಗೆ ಮೊಳೆ ಹೊಡೆಯುವುದು ಬೇಕಿಲ್ಲ, ಸುಣ್ಣ ಬಿಟ್ಟರೆ ಉಳಿದೆಲ್ಲ ಬಿಚ್ಚಿ ಒಯ್ಯುವಂಥವು. ಮಾಳಿಗೆ ಮೇಲಿನ ಕೆಲಸಕ್ಕೆ ಮಾತ್ರ ಮನೆ ಮಾಲೀಕರಿಗೆ ಒಂದು ಮಾತು ಹೇಳಿ. ಸುಣ್ಣ ಬಳಿಯುತ್ತೇನೆ ಅಂದರೆ ಬೇಡ ಅನ್ನುವವರು ಕಡಿಮೆ.

ಮಾರ್ಚ್ ಹೊತ್ತಿಗೆ ಬರುವ ಶರಣಬಸವೇಶ್ವರ ಜಾತ್ರೆ ಮುಗಿಯುತ್ತಿದ್ದಂತೆ ಶುರು ಮಾಡಿದರೆ ಸರಿ. ಏಪ್ರಿಲ್ ನಡುವಿಗೆ ತಂದರೆ ಮಾಳಿಗೆ ಮೇಲೆ ಕೂತು ತಂತಿ ಕಟ್ಟುವುದೇ ಒಂದು ಶಿಕ್ಷೆ.

ಮಾಳಿಗೆಗೆ ಸುಣ್ಣ

10 ಅಡಿ ಅಗಲ, 12 ಅಡಿ ಉದ್ದದ ಕೋಣೆಯ ಛತ್ತಿಗೆ ಸುಮಾರು 5 ಕಿಲೋ ಅರಳಿಸಿದ ಸುಣ್ಣ, 8ರಿಂದ 10 ಲೀಟರ್ ನೀರು, ಪೇಂಟ್ ಅಂಗಡಿಯಲ್ಲಿ ಸಿಗುವ ಅಂಟು ಕಾಲು ಕಿಲೋ ಬೇಕು. ಅರಳದ ಸುಣ್ಣದ ಕಲ್ಲು ತರಬೇಡಿ. ಅದಕ್ಕೆ ನೀರು ಬಿದ್ದ ಕೂಡಲೇ ಕುದಿಯುತ್ತದೆ, ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಅರಳಿಸಿದ್ದಾದರೂ ಕನ್ನಡಕ ಹಾಕಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೇ ಕಲಸಿ.

ಸುಣ್ಣವನ್ನು ರಾತ್ರಿಯೆಲ್ಲ ನೆನೆಯಲು ಬಿಟ್ಟು, ಮರುದಿನ ಹಳೇ ಧೋತರದಲ್ಲಿ ಸೋಸಿ, ಕೊನೆಗೆ ಅಂಟು ಸೇರಿಸಿ. ಮಾಳಿಗೆಯನ್ನು ಗುಡಿಸಿ, ಪಾಚಿ ಇದ್ದರೆ ತಂತಿ ಬ್ರಷ್‌ನಿಂದ ಉಜ್ಜಿ, ನೀರು ಚಿಮುಕಿಸಿ. ಬಳಿಯುವ ಕೆಲಸ ಸಂಜೆಗೇ ಆಗಬೇಕು. ಬಿಸಿಲಿನಲ್ಲಿ ಬಳಿದರೆ ಕ್ಷಣದಲ್ಲಿ ಒಣಗಿ ಮಾರನೇ ದಿನ ಪುಡಿಯಾಗಿ ಕಾಲಿಗೆ ಹತ್ತುತ್ತದೆ. ಒಂದು ಕೋಟ್ ಉದ್ದಕ್ಕೆ, ಮರುದಿನ ಇನ್ನೊಂದು ಅಡ್ಡಕ್ಕೆ. ನಡುವೆ ಬೆಳಗ್ಗೆ ಹಗುರವಾಗಿ ನೀರು ಚಿಮುಕಿಸಿದರೆ ಸುಣ್ಣ ಗಟ್ಟಿ ಕೂಡುತ್ತದೆ.

ಬರಿ ಕಾಂಕ್ರೀಟ್ ತನ್ನ ಮೇಲೆ ಬಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ಹೊಸದಾಗಿ ಬಳಿದ ಸುಣ್ಣ ಹತ್ತಿರ ಹತ್ತಿರ ಮುಕ್ಕಾಲು ಪಾಲನ್ನು ವಾಪಸ್ ಕಳಿಸುತ್ತದೆ. 2013ರಲ್ಲಿ ಬಿಸಿಲಿನ ಕ್ರಿಯಾ ಯೋಜನೆ ತಂದ ಅಹಮದಾಬಾದ್‌ನಲ್ಲಿ ಬಡವರ ಮನೆಗಳ ಛತ್ತಿಗೆ ಬಿಳಿ ಬಳಿಸಿದರು. ಪಕ್ಕದ ತೆಲಂಗಾಣ 2023ರಲ್ಲಿ ಇದನ್ನೇ ನೀತಿ ಮಾಡಿಕೊಂಡಿತು. ಈ ಇಡೀ ಬರಹದಲ್ಲಿ ಒಂದೇ ಕೆಲಸಕ್ಕೆ ಪುರುಸೊತ್ತು ಇದೆ ಅನ್ನುವವರು ಇದನ್ನು ಮಾಡಿ, ಉಳಿದದ್ದು ಬಿಡಿ.

ಮೇಲೊಂದು ಹಂದರ, ಆದರೆ ತಗ್ಗಿನಲ್ಲಿ

ಸುಣ್ಣದ ಮೇಲೆ ನೆರಳೂ ಬಿದ್ದರೆ ಕೋಣೆಗೆ ಇನ್ನೊಂದು ಹಿಡಿ ತಂಪು. ಕೃಷಿ ಸಾಮಾನಿನ ಅಂಗಡಿಯಲ್ಲಿ ನರ್ಸರಿಯವರು ಒಯ್ಯುವ ಹಸಿರು ನೆಟ್ ಇರುತ್ತದೆ, ಶೇ. 75 ನೆರಳಿನದು ಕೇಳಿ. ಮನೆಯಲ್ಲಿ ಹಳೇ ಸೀರೆಗಳಿದ್ದರೆ ಎರಡು ಪದರ ಮಾಡಿ ಹೊಲಿದುಕೊಂಡರೂ ನಡೆಯುತ್ತದೆ. ತಾಡಪತ್ರಿ ಮಾತ್ರ ಬೇಡ. ಅದರ ಕೆಳಗೆ ಬಿಸಿಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ, ಗಾಳಿ ಎದ್ದರೆ ಹಡಗಿನ ಹಾಯಿಯಂತೆ ಉಬ್ಬಿ ಎಲ್ಲ ಕಿತ್ತುಕೊಂಡು ಹೋಗುತ್ತದೆ.

ನಮ್ಮ ಕಡೆ ಏಪ್ರಿಲ್, ಮೇ ಸಂಜೆಗಳಲ್ಲಿ ದಿಢೀರನೆ ಬರುವ ಅವಕಾಳಿ ಗಾಳಿ-ಮಳೆಯನ್ನು ಲೆಕ್ಕಕ್ಕೆ ಹಿಡಿಯದೆ ಹಂದರ ಹಾಕಬಾರದು. ಗಂಟೆಗೆ 60 ಕಿ.ಮೀ. ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 17 ಕಿಲೋ ಭಾರ ಒತ್ತಿದಂತೆ. ನೆಟ್‌ನ ತೂತುಗಳಲ್ಲಿ ಗಾಳಿ ಹಾಯ್ದುಹೋಗುತ್ತದೆ ನಿಜ. ಆದರೂ 12 ಚದರ ಮೀಟರ್ ನೆಟ್ ಎದ್ದು ಗಾಳಿಗೆ ಎದೆಯೊಡ್ಡಿತು ಅಂದರೆ ಒಂದು ಕ್ವಿಂಟಲ್ ಎಳೆತ. ಅದಕ್ಕೇ ಎತ್ತರದ ಗಳ ನಿಲ್ಲಿಸುವ ಆಸೆ ಬಿಡಿ. ಪ್ಯಾರಪೆಟ್ ಮೂರು ಅಡಿ ಇದ್ದರೆ ನೆಟ್ ಎರಡು ಅಡಿಗೆ ಇರಲಿ. ಗಾಳಿ ಅದರ ತಲೆ ಮೇಲಿಂದ ಹಾದುಹೋಗಲಿ. ಕೆಳಗೆ ಎರಡು ಅಡಿ ತೆರಪು ಇರುವುದರಿಂದ ಬಿಸಿ ಹೊರಗೆ ಹೋಗಲೂ ದಾರಿ ಉಂಟು.

ಕಟ್ಟಲು ಏನು ಆಸರೆ? ಮುಂದಿನ ಮಜಲಿಗೆಂದು ಬಿಟ್ಟ ಕಾಲಂ ಸರಳುಗಳು ನಮ್ಮೂರ ಅರ್ಧ ಮಾಳಿಗೆಗಳ ಮೇಲೆ ವರ್ಷಾನುಗಟ್ಟಲೆ ನಿಂತಿರುತ್ತವೆ. ಅವೇ ಸಾಕು. ಮೊದಲು ಪ್ರತಿ ಸರಳಿನ ತುದಿಗೆ ಖಾಲಿ ನೀರಿನ ಬಾಟಲಿ ಬೋರಲು ಹಾಕಿ, ಬಗ್ಗಿ ಏಳುವಾಗ ಕಣ್ಣಿಗೆ, ಎದೆಗೆ ಚುಚ್ಚುವುದು ತಪ್ಪುತ್ತದೆ. ಆಮೇಲೆ ಮಾಳಿಗೆಯ ಉದ್ದಕ್ಕೆ ಎರಡೂ ಬದಿಗೆ ಒಂದೊಂದು ಜಿಐ ತಂತಿ (ಸತುವಿನ ಲೇಪದ ಕಬ್ಬಿಣದ ತಂತಿ) ಬಿಗಿಯಾಗಿ ಎಳೆದು ಕಟ್ಟಿ. ನೆಟ್‌ನ ಎರಡು ಅಂಚಿಗೆ ಮೊಳಕ್ಕೊಂದರಂತೆ ತಂತಿಯ ಉಂಗುರ ಪೋಣಿಸಿ, ಪರದೆ ಹಾಗೆ ಜಾರುವಂತೆ ತಂತಿಗೆ ಹಾಕಿ. ನೆಟ್‌ನ ಒಂದು ತುದಿಗೆ ಬಿದಿರ ಗಳ ಹೊಲಿದು ಸರಳಿಗೆ ಗಟ್ಟಿಯಾಗಿ ಕಟ್ಟಿಬಿಡಿ. ಇನ್ನೊಂದು ತುದಿಯಲ್ಲೂ ಗಳ ಇರಲಿ, ಆದರೆ ಅದನ್ನು ಕಟ್ಟುವುದು ಸುತಳಿಯಿಂದ. ನೈಲಾನ್ ಹಗ್ಗ ಬೇಡ. ಗಾಳಿ ಮಿತಿ ಮೀರಿದರೆ ಮೊದಲು ಸುತಳಿ ಹರಿಯಬೇಕು, ನೆಟ್ ಒಂದು ಕಡೆಗೆ ಬಿದ್ದು ಸುಮ್ಮನಾಗಬೇಕು. ಎಲ್ಲವನ್ನೂ ಗಟ್ಟಿ ಕಟ್ಟಿದವರ ಮನೆಯಲ್ಲೇ ಗಳ ಹಾರಿ ಪಕ್ಕದ ಮನೆಯ ಪತ್ರಾಸಿನ (ತಗಡಿನ ಮಾಡಿನ) ಮೇಲೆ ಬೀಳುವುದು.

ಸರಳು ಇಲ್ಲದ ಮಾಳಿಗೆಯಾದರೆ 20 ಲೀಟರಿನ ಪೇಂಟ್ ಬಕೆಟ್‌ಗಳಲ್ಲಿ ಎರಡು ಅಡಿ ಎತ್ತರಕ್ಕೆ ಬರುವಂತೆ ಬಿದಿರು ನಿಲ್ಲಿಸಿ ಉಸುಕು ತುಂಬಿ. ತುಂಬಿದ ಬಕೆಟ್ ಸುಮಾರು 30 ಕಿಲೋ ತೂಗುತ್ತದೆ. ಮೂಲೆಗೆ ಎರಡೆರಡು ಬಕೆಟ್ ಜೋಡಿಸಿ. ಮಾಳಿಗೆಯ ಹತ್ತಿರ ವಿದ್ಯುತ್ ತಂತಿ ಹಾಯ್ದಿದ್ದರೆ, ಜಾರಿದ ಜಿಐ ತಂತಿ ಅದಕ್ಕೆ ತಾಗುವಷ್ಟು ಸಮೀಪ ಇದ್ದರೆ, ಈ ಹಂದರವೇ ಬೇಡ. ಸುಣ್ಣದ ಮೇಲೆ ತೃಪ್ತಿ ಪಡಿ.

ದಿನಾ ಸಂಜೆ ಐದೂವರೆ, ಆರಕ್ಕೆ ಸುತಳಿ ಬಿಚ್ಚಿ ನೆಟ್ ಸುತ್ತಿ ಒಂದು ಬದಿಗೆ ಬಿಗಿಯಿರಿ. ಎರಡು ಲಾಭ. ಬಿರುಗಾಳಿ ಹೆಚ್ಚಾಗಿ ಬರುವುದೇ ಆ ಹೊತ್ತಿನ ಮೇಲೆ. ಇನ್ನೊಂದು, ಛತ್ತು ರಾತ್ರಿ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟು ತಣಿಯಬೇಕಾದರೆ ಮೇಲೆ ಮುಚ್ಚಿಗೆ ಇರಬಾರದು.

ಪಡುವಣ ಗೋಡೆ, ಪತ್ರಾಸಿನ ಕೋಣೆ

ಪಡುವಣ ಕಿಟಕಿಗೆ ಒಳಗಡೆ ದಪ್ಪ ಪರದೆ ಹಾಕಿದರೆ ಬಿಸಿಲು ಗಾಜು ದಾಟಿ ಒಳಬಂದ ಮೇಲೆ ತಡೆದಂತಾಯಿತು, ಬಿಸಿ ಒಳಗೇ ಉಳಿಯಿತು. ತಡೆ ಹೊರಗೆ ಇರಬೇಕು. ಹೊಲದ ನಂಟು ಇರುವವರಿಗೆ ತೊಗರಿ ಕಟ್ಟಿಗೆಗೆ ಬರವಿಲ್ಲ. ರಾಶಿ ಮುಗಿದ ಮೇಲೆ ಬದುವಿನಲ್ಲಿ ಗುಡ್ಡೆ ಬಿದ್ದಿರುತ್ತದೆ. ಎರಡು ಅಡ್ಡ ಬಿದಿರಿಗೆ ಕಟ್ಟಿಗೆಗಳನ್ನು ಒತ್ತೊತ್ತಾಗಿ ಸುತಳಿಯಿಂದ ಹೆಣೆದು ತಟ್ಟಿ ಮಾಡಿ, ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿ. ಒಣ ಕಟ್ಟಿಗೆ, ಒಂದು ಕಿಡಿ ಸಾಕು: ಒಲೆ, ಗ್ಯಾಸು, ಮೀಟರ್ ಬೋರ್ಡು ಇರುವ ಬದಿಗೆ ಇದು ಸಲ್ಲದು. ಒಲೆ, ಗ್ಯಾಸಿನ ಬದಿಗೆ ಒದ್ದೆ ಗೋಣಿಚೀಲ ಇಳಿಬಿಡಿ, ಮೀಟರ್ ಬೋರ್ಡಿನ ಹತ್ತಿರ ಅದೂ ಬೇಡ. ಹಳೇ ಚೀಲ ಗಂಜಿನ (ಕಾಳಿನ ಮಾರುಕಟ್ಟೆಯ) ಕಡೆ ಸಿಗುತ್ತವೆ, ಕಾಳಿಗೆ ಹಾಕಿದ ಔಷಧಿ ಅಂಟಿರಬಹುದು, ಸೋಪಿನ ನೀರಿನಲ್ಲಿ ಒಗೆದೇ ಬಳಸಿ.

ಪತ್ರಾಸಿನ ಕೋಣೆಯವರಿಗೆ ಒಳಛತ್ತು ಬೇಕೇ ಬೇಕು. ಪತ್ರಾಸಿಗೆ ಅರ್ಧ ಅಡಿ ಕೆಳಗೆ ತಂತಿ ಎಳೆದು, ಒಗೆದ ಗೋಣಿಚೀಲ ಬಿಚ್ಚಿ ಹೊಲಿದ ಹಾಸನ್ನು ಬಿಗಿಯಾಗಿ ಕಟ್ಟಿ. ಎರಡು ತುದಿಯಲ್ಲಿ ಕೈ ತೂರುವಷ್ಟು ಸಂದು ಬಿಟ್ಟರೆ ನಡುವಿನ ಬಿಸಿಗಾಳಿ ಹೊರಹೋಗುತ್ತದೆ. ಬಲ್ಬು, ವೈರು ತಾಗದಂತೆ ನೋಡಿಕೊಳ್ಳಿ. ಶಹಾಬಾದ್ ಫರ್ಸಿ (ಚಪ್ಪಡಿ ಕಲ್ಲು) ಹಾಸಿದ ಛತ್ತಾದರೆ ಸುಣ್ಣ ಬಳಿಯುವ ಮೊದಲು ಸಂದುಗಳನ್ನು ಸಿಮೆಂಟ್ ಹಾಲಿನಿಂದ ತುಂಬಿ. ಮಳೆಗಾಲಕ್ಕೂ ಒಳ್ಳೆಯದು.

ರಾತ್ರಿಯ ಗಾಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಮೇಲೆ ಎಲ್ಲ ತೆರೆಯಿರಿ, ಬೆಳಗ್ಗೆ ಎಂಟರ ಒಳಗೆ ಎಲ್ಲ ಮುಚ್ಚಿ. ಟೇಬಲ್ ಫ್ಯಾನ್ ಇದ್ದರೆ ರಾತ್ರಿ ಅದನ್ನು ಕಿಟಕಿಯಲ್ಲಿ ಹೊರಮುಖವಾಗಿ ಇಡಿ, ಬಿಸಿಗಾಳಿ ಹೊರಗೆ ತಳ್ಳಿದರೆ ಇನ್ನೊಂದು ಕಿಟಕಿಯಿಂದ ತಂಪು ತಾನೇ ಬರುತ್ತದೆ. 600 ಮೀಟರಿಗೂ ಎತ್ತರದಲ್ಲಿರುವ ಬೀದರಿನವರಿಗೆ ಹಲವು ದಿನ ಇಷ್ಟೇ ಸಾಕಾಗಬಹುದು. 400 ಮೀಟರ್ ಆಸುಪಾಸಿನ ಯಾದಗಿರಿಯಲ್ಲಿ ಮೇ ತಿಂಗಳ ರಾತ್ರಿ ಅಷ್ಟು ಉದಾರಿ ಅಲ್ಲ.

ತಟ್ಟಿ ಕೂಲರ್

ನೀರಿನ ಕೆಲಸ ಈಗ: ಒದ್ದೆ ಹುಲ್ಲಿನ ತಟ್ಟಿಯ ಮೂಲಕ ಫ್ಯಾನಿನಿಂದ ಗಾಳಿ ಎಳೆಯುವ ಕೂಲರ್. ಕಟ್ಟುವ ಮೊದಲು ನಿಮ್ಮ ಕೋಣೆಗೆ ಇದು ಎಷ್ಟು ಫಲ ಕೊಡುತ್ತದೆ ಎಂದು ಅಳೆಯಬಹುದು. ಗೋಡೆಗೆ ತೂಗುಹಾಕುವ ಉಷ್ಣಮಾಪಕ ತನ್ನಿ, ಜ್ವರ ನೋಡುವುದಲ್ಲ. ಹೊರಗೆ ನೆರಳಿನಲ್ಲಿ ಅದರ ಅಂಕಿ ಓದಿ. ಆಮೇಲೆ ಉಷ್ಣಮಾಪಕದ ತುದಿಯ ಬುರುಡೆಗೆ ಒದ್ದೆ ಹತ್ತಿ ಬಟ್ಟೆ ಸುತ್ತಿ ಐದು ನಿಮಿಷ ಫ್ಯಾನಿನ ಮುಂದೆ ಹಿಡಿದು ಮತ್ತೆ ಓದಿ. ಈ ಎರಡನೇ ಅಂಕಿಗಿಂತ ಕೆಳಗೆ ಯಾವ ಕೂಲರೂ ಗಾಳಿಯನ್ನು ತಣಿಸಲಾರದು. ಹೊರಗೆ 42 ಡಿಗ್ರಿ, ಗಾಳಿಯ ತೇವ ಶೇ. 20 ಇದ್ದರೆ ಒದ್ದೆ ಬಟ್ಟೆಯ ಅಂಕಿ 24ರ ಹತ್ತಿರ ಬರುತ್ತದೆ. ಕೈಯಲ್ಲಿ ಕಟ್ಟಿದ ತಟ್ಟಿ ಆ 18 ಡಿಗ್ರಿಯ ಅಂತರದಲ್ಲಿ ಮೂರರಲ್ಲಿ ಎರಡು ಪಾಲು ಇಳಿಸಿದರೂ 30 ಡಿಗ್ರಿಯ ಗಾಳಿ ಸಿಕ್ಕಿತು. ಅದೇ ಜೂನ್‌ನಲ್ಲಿ 35 ಡಿಗ್ರಿ, ತೇವ ಶೇ. 60 ಆದರೆ ಒದ್ದೆ ಬಟ್ಟೆ 28ರ ಮೇಲೇ ನಿಲ್ಲುತ್ತದೆ. ಸಿಗುವುದು ನಾಲ್ಕು ಡಿಗ್ರಿ ತಂಪು, ಜೊತೆಗೆ ಮೈ ಜಿಗಿಜಿಗಿ. ಎರಡು ಅಂಕಿಗಳ ಅಂತರ ಆರರ ಕೆಳಗೆ ಬಂದ ದಿನ ನೀರು ನಿಲ್ಲಿಸಿ, ಬರಿ ಫ್ಯಾನ್ ಹಾಕಿ.

ಸಾಮಾನು: ಕಿಟಕಿಯ ಅಳತೆಯ ಚೌಕಟ್ಟಿಗೆ ಬಿದಿರು ಅಥವಾ ಹಳೇ ಕಟ್ಟಿಗೆ ರೀಪು, ಕೋಳಿ ಜಾಳಿಗೆ, ಕೂಲರ್ ಹುಲ್ಲು, ಅರ್ಧ ಇಂಚಿನ ಪಿವಿಸಿ ಪೈಪು, 18-20 ವ್ಯಾಟ್‌ನ ಕೂಲರ್ ಪಂಪು, 40 ಲೀಟರಿನ ಪ್ಲಾಸ್ಟಿಕ್ ಟಬ್, ಒಂದು ಟೇಬಲ್ ಫ್ಯಾನ್. ಲಾವಂಚದ ಬೇರು ಸಿಕ್ಕರೆ ವಾಸನೆ ಚೆಂದ, ಆದರೆ ದುಬಾರಿ. ಎರಡು ಹಿಡಿಯನ್ನು ಹುಲ್ಲಿನ ನಡುವೆ ಸೇರಿಸಿದರೆ ಸಾಕು.

ಮೊದಲು ಚೌಕಟ್ಟಿಗೆ ಒಂದು ಬದಿ ಜಾಳಿಗೆ ಬಿಗಿದು ಮಲಗಿಸಿ. ಹುಲ್ಲನ್ನು ಒಂದೂವರೆ ಇಂಚು ದಪ್ಪಕ್ಕೆ ಕೈಯಿಂದ ಬಿಡಿಸಿ ಹರಡಿ. ಕೆಲಸ ಕೆಡುವುದೆಲ್ಲ ಇಲ್ಲಿಯೇ: ಎಲ್ಲಿ ತೆಳುವೋ ಅಲ್ಲಿಂದ ಬಿಸಿಗಾಳಿ ನೇರ ನುಗ್ಗುತ್ತದೆ, ಎಲ್ಲಿ ಉಂಡೆಯೋ ಅಲ್ಲಿ ಗಾಳಿಯೇ ಹಾಯುವುದಿಲ್ಲ. ಬೆಳಕಿಗೆ ಎತ್ತಿ ಹಿಡಿದು ನೋಡಿ, ಸಮನಾಗಿ ಮಸುಕು ಕಂಡರೆ ಸರಿ. ಮೇಲೆ ಇನ್ನೊಂದು ಜಾಳಿಗೆ ಹಾಕಿ ನಾಲ್ಕಾರು ಕಡೆ ತಂತಿಯಿಂದ ಎರಡನ್ನೂ ಸೇರಿಸಿ ಹೊಲಿಯಿರಿ, ಇಲ್ಲದಿದ್ದರೆ ಒದ್ದೆಯಾದ ಹುಲ್ಲು ಎರಡೇ ದಿನದಲ್ಲಿ ಕೆಳಗೆ ಕುಸಿಯುತ್ತದೆ.

ಪಿವಿಸಿ ಪೈಪಿನ ಒಂದು ತುದಿ ಮುಚ್ಚಿ, ಇಂಚಿಗೊಂದರಂತೆ ಸಾಲಾಗಿ ಸಣ್ಣ ತೂತು ಮಾಡಿ. ದಬ್ಬಳ ಕಾಯಿಸಿ ಚುಚ್ಚಿದರೆ ಆಯಿತು. ತೂತು ಕೆಳಮುಖವಾಗಿ ಬರುವಂತೆ ಚೌಕಟ್ಟಿನ ನೆತ್ತಿಗೆ ಕಟ್ಟಿ. ಪಂಪಿನ ನಳಿಗೆಯನ್ನು ಪೈಪಿನ ಇನ್ನೊಂದು ತುದಿಗೆ ಹಾಕಿ, ಪಂಪಿಗೆ ಹಳೇ ಕಾಲುಚೀಲ ತೊಡಿಸಿ ಟಬ್‌ನಲ್ಲಿಡಿ. ಹುಲ್ಲಿನ ಚೂರು ಪಂಪಿಗೆ ಸಿಕ್ಕಿದರೆ ಅದು ಸುಟ್ಟುಹೋಗುವುದು ನಿಶ್ಚಿತ.

ನಿಲ್ಲಿಸುವ ಜಾಗ ಕಿಟಕಿಯ ಮೇಲೆ ಅವಲಂಬಿಸಿದೆ. ಮೇಲ್ಮಜಲಿನ ಒಂಟಿ ಕೋಣೆಯ ಕಿಟಕಿ ಸಾಮಾನ್ಯವಾಗಿ ಮಾಳಿಗೆಯ ಕಡೆಗೇ ತೆರೆಯುತ್ತದೆ. ಹಾಗಿದ್ದರೆ ಟಬ್ ಮತ್ತು ತಟ್ಟಿ ಹೊರಗೆ, ನೆರಳಿನಲ್ಲಿ, ಇಟ್ಟಿಗೆ ಪೇರಿಸಿ ಅದರ ಮೇಲೆ. ಕಿಟಕಿಯ ಹೊರಗೆ ಕಾಲಿಡಲು ಜಾಗವಿಲ್ಲ ಅಂದರೆ ಎಲ್ಲವನ್ನೂ ಒಳಗೆ, ಗಟ್ಟಿ ಟೇಬಲ್ಲಿನ ಮೇಲೆ, ಸರಳಿಗೆ ಒತ್ತಿ ನಿಲ್ಲಿಸಿ. ತುಂಬಿದ ಟಬ್ಬನ್ನು ಕಿಟಕಿಯಾಚೆ ತೂಗುಬಿಡುವ ಸಾಹಸ ಯಾರೂ ಮಾಡಬಾರದು. ಸುತ್ತಲಿನ ಸಂದಿಗೆ ಹಳೇ ಚಾದರ ತುರುಕಿ. ಫ್ಯಾನ್ ಒಳಗೆ, ತಟ್ಟಿಯಿಂದ ಒಂದು ಅಡಿ ದೂರ, ಬೆನ್ನು ತಟ್ಟಿಗೆ ಮುಖ ಕೋಣೆಗೆ. ಎದುರಿನ ಕಿಟಕಿ ಅಥವಾ ಬಾಗಿಲನ್ನು ಒಂದು ಗೇಣು ತೆರೆದಿಡಿ. ಕೂಲರ್ ಹಾಕಿ ಎಲ್ಲ ಮುಚ್ಚಿಕೊಂಡು ಕೂತು, ಅರ್ಧ ಗಂಟೆಯಲ್ಲಿ ಧಗೆ ಆಯಿತು ಅನ್ನುವವರು ಮನೆಗೊಬ್ಬರು ಇರುತ್ತಾರೆ. ಒದ್ದೆ ಗಾಳಿ ಹೊರಹೋಗದಿದ್ದರೆ ಹೊಸ ಗಾಳಿ ಬರುವುದೆಲ್ಲಿಂದ?

ಒಂದು ಲೀಟರ್ ನೀರು ಒಂದು ಗಂಟೆಯಲ್ಲಿ ಆರಿದರೆ ಸುಮಾರು 670 ವ್ಯಾಟ್ ಶಾಖ ಹೀರಿದಂತೆ. ಈ ತಟ್ಟಿ ಗಂಟೆಗೆ ಮೂರ್ನಾಲ್ಕು ಲೀಟರ್ ಕುಡಿಯುತ್ತದೆ, ಅಂದರೆ ಒಂದು ಮಧ್ಯಾಹ್ನಕ್ಕೆ 20 ಲೀಟರಿನ ಕ್ಯಾನ್ ಒಂದು. ಬೋರಿನ ಗಡಸು ನೀರಾದರೆ ಆರಿದ ನೀರಿನ ಉಪ್ಪು ಟಬ್‌ನಲ್ಲೇ ಉಳಿದು, ಹುಲ್ಲಿಗೆ ಬಿಳಿ ಹೊಪ್ಪಳಿಕೆ ಹಿಡಿಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಟಬ್ ಖಾಲಿ ಮಾಡಿ ಆ ನೀರನ್ನು ಪಾಯಖಾನೆಗೆ ಬಳಸಿ. ವಾರಕ್ಕೊಮ್ಮೆಯಾದರೂ ಟಬ್‌ನ ಒಳಗೋಡೆಯನ್ನು ಬ್ರಷ್ ಹಾಕಿ ಉಜ್ಜಲೇಬೇಕು. ಡೆಂಗ್ಯೂ ಸೊಳ್ಳೆಯ ಮೊಟ್ಟೆ ನೀರಿನಂಚಿಗೆ ಅಂಟಿಕೊಂಡಿರುತ್ತದೆ, ನೀರು ಚೆಲ್ಲಿದರೆ ಹೋಗುವುದಿಲ್ಲ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರದಿಂದ ಹತ್ತು ದಿನ ಸಾಕು.

ಕರೆಂಟಿನ ವಿಷಯದಲ್ಲಿ ಚೌಕಾಸಿ ಇಲ್ಲ. ಬೇಸಿಗೆ ಬಂದರೆ ಕೂಲರ್ ಮುಟ್ಟಿ ಶಾಕ್ ಹೊಡೆದು ಸತ್ತ ಸುದ್ದಿ ಬಾರದ ವರ್ಷವಿಲ್ಲ, ಹೆಚ್ಚಿನವು ಕಬ್ಬಿಣದ ಡಬ್ಬಿಯ ಕೂಲರುಗಳು. ನಮ್ಮ ತಟ್ಟಿಯಲ್ಲಿ ಡಬ್ಬಿ ಇಲ್ಲ, ಟಬ್ ಪ್ಲಾಸ್ಟಿಕ್, ಅದಕ್ಕೇ ಈ ಮಾದರಿ ಹೇಳಿದ್ದು. ಆದರೂ ಪಂಪಿನ ವೈರು ನೀರಿನಲ್ಲಿದೆ, ಜಾಳಿಗೆಯೂ ಕಿಟಕಿ ಸರಳೂ ಕಬ್ಬಿಣ. ಪಂಪಿನ ವೈರಿಗೆ ನೀರಿನ ಮಟ್ಟದಲ್ಲಿ ಜೋಡಣೆ ಇರಬಾರದು. ಪ್ಲಗ್ಗಿಗೆ ಹೋಗುವ ವೈರು ಮೊದಲು ಕೆಳಗೆ ಜೋತು ಆಮೇಲೆ ಮೇಲೇರಲಿ, ಹನಿ ವೈರಿನ ಗುಂಟ ಸಾಗಿ ಬೋರ್ಡಿಗೆ ಹೋಗದೆ ಕೆಳಗೇ ಬೀಳುತ್ತದೆ. ಎಕ್ಸ್‌ಟೆನ್ಶನ್ ಬೋರ್ಡ್ ನೆಲದ ಮೇಲೆ ಬೇಡ. ಮನೆಯ ಅರ್ಥಿಂಗ್ ಸರಿ ಇದೆಯೇ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚು) ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಇಲ್ಲದಿದ್ದರೆ ಪಂಪು ಬಿಟ್ಟು, ತಳದಲ್ಲಿ ನಲ್ಲಿಯಿರುವ ಕ್ಯಾನನ್ನು ಮೇಲಿಟ್ಟು ಹನಿಹನಿಯಾಗಿ ಪೈಪಿಗೆ ಬಿಡಿ. ಕೆಳಗಿನ ಟಬ್ ತುಂಬಿದಾಗ ಕೈಯಿಂದ ಮೇಲೆ ಸುರಿಯಬೇಕು, ಅಷ್ಟೇ ಕಷ್ಟ. ಪಂಪು ಇದ್ದರೆ, ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಕೈ ಹಾಕಿ.

ಕರೆಂಟು ಹೋದಾಗ

ಹೊಲಕ್ಕೆ ಔಷಧಿ ಹೊಡೆಯುವ ಬ್ಯಾಟರಿ ಪಂಪು ಊರಿನಲ್ಲಿ ಮನೆಮನೆಗಿದೆ, ಬೇಸಿಗೆಯಲ್ಲಿ ಅಟ್ಟದ ಮೇಲೆ ಸುಮ್ಮನೆ ಕೂತಿರುತ್ತದೆ. ಅದರ ಬ್ಯಾಟರಿ ಹೆಚ್ಚಾಗಿ 12 ವೋಲ್ಟ್, 8 ಆಂಪಿಯರ್-ಅವರ್. 12 ವೋಲ್ಟಿನ 15 ವ್ಯಾಟ್ ಡಿಸಿ ಫ್ಯಾನಿಗೆ ಲೆಕ್ಕದಲ್ಲಿ ಆರು ಗಂಟೆ, ನಿಜದಲ್ಲಿ ನಾಲ್ಕು ಗಂಟೆ ಸಾಕು. ಬ್ಯಾಟರಿಯನ್ನು ಪಂಪಿನಿಂದ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈ ತೊಳೆದುಕೊಂಡು ಒಳಗೆ ತನ್ನಿ. ಕೆಂಪು ವೈರಿನಲ್ಲಿ 3 ಆಂಪಿಯರಿನ ಫ್ಯೂಸ್ ಹಾಕಿ ಫ್ಯಾನಿಗೆ ಜೋಡಿಸಿ. ಫ್ಯಾನ್ ಮಂದವಾದ ಕೂಡಲೇ ನಿಲ್ಲಿಸಿ, ಪೂರ್ತಿ ಬರಿದಾದ ಬ್ಯಾಟರಿ ಮಿರಗಕ್ಕೆ (ಮೃಗಶಿರಾ ಮಳೆಯ ಹೊತ್ತಿಗೆ) ಕೈಕೊಡುತ್ತದೆ. ಚಾರ್ಜಿಗೆ ಅದರದೇ ಚಾರ್ಜರ್.

ಪಂಪಿನ ಡ್ರಮ್ಮಿನಲ್ಲಿ ನೀರು ತುಂಬಿ ಕೋಣೆಗೆ ಮಂಜು ಹೊಡೆಯೋಣ ಅನ್ನುವ ಬುದ್ಧಿವಂತಿಕೆ ಬೇಡ. ಎಷ್ಟು ತೊಳೆದರೂ ಔಷಧಿ ಆ ಪ್ಲಾಸ್ಟಿಕ್ಕಿನಲ್ಲಿ, ನಳಿಗೆಯಲ್ಲಿ ಉಳಿದಿರುತ್ತದೆ.

ಇನ್ನೊಂದು ಮಾತು ಮನೆಯ ಹಿರಿಯರಿಗೆ ಸಂಬಂಧಿಸಿದ್ದು. ಕೋಣೆಯ ಗಾಳಿಯೇ 40 ದಾಟಿದ್ದರೆ ಬರಿ ಫ್ಯಾನ್ ಮೈಗೆ ಇನ್ನಷ್ಟು ಬಿಸಿ ತುಂಬುತ್ತದೆ. ಆಗ ಒದ್ದೆ ಪಂಚೆ ಹೊದಿಸಿ ಫ್ಯಾನ್ ಹಾಕಿ, ಆಗಾಗ ಓಆರ್‌ಎಸ್ ಕುಡಿಸಿ. ಮಾತು ತೊದಲಿದರೆ, ಕೂತಲ್ಲೇ ಮಂಪರಾದರೆ, ಮೈ ಕೆಂಡವಾದರೆ ಯಾವ ತಟ್ಟಿಯನ್ನೂ ನಂಬಬೇಡಿ. ಮೈಗೆ ನೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ಕಾಯಿಪಲ್ಯಕ್ಕೆ ಗಡಿಗೆ

ಫ್ರಿಜ್ ಇಲ್ಲದ ಕೋಣೆಗೆ ಒಂದರೊಳಗೊಂದು ಕೂಡುವ ಎರಡು ಮಣ್ಣಿನ ಗಡಿಗೆ ಸಾಕು. ನಡುವಿನ ಎರಡು ಬೆರಳ ಸಂದಿಗೆ ಉಸುಕು ತುಂಬಿ, ದಿನಕ್ಕೆ ಎರಡು ಸಲ ನೀರುಣಿಸಿ, ಬಾಯಿಗೆ ಒದ್ದೆ ಬಟ್ಟೆ ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿಡಿ. ಹೊರಗೆ ಬಣ್ಣ ಬಳಿದ ಗಡಿಗೆ ತರಬೇಡಿ, ಅದು ಬೆವರುವುದಿಲ್ಲ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಇದೇ ತತ್ವದ ಮೇಲೆ ಇಟ್ಟಿಗೆಯ ಎರಡು ಗೋಡೆ, ನಡುವೆ ಒದ್ದೆ ಉಸುಕು ಇರುವ ತೊಟ್ಟಿಯನ್ನು ರೈತರಿಗೆ ಕೊಟ್ಟರು. ಅಂಗಳ ಇದ್ದವರು ಅದನ್ನೇ ಕಟ್ಟಬಹುದು. ಪುಂಡಿಪಲ್ಯ, ಬದನೆ, ಟೊಮೆಟೊ ಎರಡು ಮೂರು ದಿನ ಹೆಚ್ಚು ಬಾಳುತ್ತವೆ. ಹಾಲು, ಮಾಂಸ ಇದರಲ್ಲಿಡಬೇಡಿ, ಅಷ್ಟು ತಂಪು ಇಲ್ಲಿಲ್ಲ.

ಬಿಚ್ಚುವುದು

ಮಿರಗ ಕೂಡುವುದು ಜೂನ್ 7, 8ರ ಹೊತ್ತಿಗೆ. ಅಷ್ಟರೊಳಗೆ ನೆಟ್, ತಂತಿ, ಬಕೆಟ್ ಎಲ್ಲ ಕೆಳಗಿಳಿಯಬೇಕು. ಮಳೆ ಹಿಡಿದ ಮೇಲೆ ಮಾಳಿಗೆಯ ತೂಬಿಗೆ ಉಸುಕು, ಹುಲ್ಲಿನ ಚೂರು ಸಿಕ್ಕಿ ನೀರು ನಿಂತರೆ ಮಾಲೀಕರು ಮುಂದಿನ ವರ್ಷ ಮೇಲೆ ಹತ್ತಗೊಡುವುದಿಲ್ಲ. ಮಳೆನೀರು ಹಿಡಿಯುವ ಮನೆಯಾದರೆ ಸುಣ್ಣ ತೊಳೆದುಬರುವ ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡಿ.

ತೊಗರಿ ಕಟ್ಟಿಗೆಯ ತಟ್ಟಿಯನ್ನು ಒಲೆಗೆ ಕೊಡಿ, ಬಿಚ್ಚುವಾಗ ಕೋಲಿನಿಂದ ತಟ್ಟಿ ನೋಡಿ, ಚೇಳು ಸೇರಿರಬಹುದು. ಕೂಲರ್ ಹುಲ್ಲನ್ನು ಮುಂದಿನ ವರ್ಷಕ್ಕೆಂದು ಕಟ್ಟಿಡುವುದರಲ್ಲಿ ಅರ್ಥವಿಲ್ಲ. ಬೂಸ್ಟು ಹಿಡಿಯುತ್ತದೆ, ಇಲಿ ಗೂಡು ಮಾಡುತ್ತದೆ, ಹೊಸದಕ್ಕೆ ಹೆಚ್ಚು ಬೆಲೆಯೂ ಇಲ್ಲ. ಚೌಕಟ್ಟು, ಜಾಳಿಗೆ ಒಣಗಿಸಿ ಇಡಿ. ಪಂಪನ್ನು ನಿಂಬೆರಸದ ನೀರಿನಲ್ಲಿ ಒಂದು ಗಂಟೆ ನೆನೆಸಿ ಉಪ್ಪು ಬಿಡಿಸಿ, ಪೂರ್ತಿ ಒಣಗಿಸಿ, ಕಾಲುಚೀಲ ಸಮೇತ ಡಬ್ಬಿಗೆ ಹಾಕಿ. ನೆಟ್ ಮಡಚುವ ಮೊದಲು ಉಂಗುರಗಳನ್ನು ಬಿಚ್ಚಬೇಡಿ, ಅವನ್ನು ಮತ್ತೆ ಪೋಣಿಸುವುದೇ ಅರ್ಧ ದಿನದ ಕೆಲಸ.